ಬಲೆಗೆ ಸಿಕ್ಕ ನೀರುನಾಯಿ ಮರಿ

ಹಲೋ... ಯಾರು ಮಾತಾಡೋದು? ಅವ್ವಾ?... ನಾನವ್ವಾ, ಗಾಯತ್ರಿ! ಇದು ಗಿರೀಶಣ್ಣನ ಫೋನು, ನಮ್ಮ ತಂಡದಾತ. ನಂದು ಹೊಳ್ಯಾಗ ಬಿತ್ತು... ಹಾಂ, ನಾನೂ ಬಿದ್ದೆ. ಎದ್ದೆ ಬಿಡು!

... ಪೆಟ್ಟೇನೂ ಆಗಿಲ್ಲ. ನಗು ನಿಲ್ಲವಲ್ದು, ಅಷ್ಟ!

... ಅದಾ ಕೆಲಸ. ಭಾನುವಾರ ಭಾನುವಾರ ಅರಣ್ಯದವರ ಜೋಡಿ ಮಾಡ್ತೀನಲ್ಲ, ನೀರುನಾಯಿ ಕಾಯೋದು. ಇವತ್ತು ಬುಕ್ಕಸಾಗರದ ಹತ್ರ ಬಂಡೆ ಸಂದ್ಯಾಗ ಸಿಕ್ಕಿರೋ ಹಳೇ ಬಲೆ, ಪ್ಲಾಸ್ಟಿಕ್ಕು ತೆಗಿಯಾಕ ಬಂದಿದ್ವಿ.

... ಹಾಂ, ಅಪ್ಪ ಇಲ್ಲೇ ಅದಾನ. ಈ ಕೆಲಸ ಸಾಕು ಅಂತ ನನ್ನನ್ನ ಮನಿಗೆ ಎಳಕೊಂಡು ಹೋಗಾಕ ಬಂದಿದ್ದ, ಅಲ್ವಾ? ನೀನಾ ಕಳಿಸಿದ್ದು? ಛಲೋ ಮಾಡಿದಿ!

... ತಡಿಯವ್ವಾ, ಹೇಳ್ತೀನಿ. ಮೊನ್ನೆ ಹೊಳಿ ತುಂಬಿದಾಗ ನಮ್ಮ ಮೀನಿನ ಬಲೆ ಕೊಚ್ಕೊಂಡು ಹೋತಲ್ಲ, ನೀನು ಕುಂತು ಹೆಣೆದದ್ದು? ಸಿಕ್ತವ್ವಾ!... ಹೌದು, ಇಡೀ ಬಲೆ! ಅಪ್ಪ ಕುಣಿದುಬಿಟ್ಟ. ಆದ್ರ ಅದ್ರಾಗ ನೀರುನಾಯಿ ಮರಿ ಸಿಕ್ಕಿತ್ತು. ಬೆಕ್ಕಿನಮರಿಯಷ್ಟು. ಮೂಗು ಮುಳುಗಾಕ ಹತ್ತಿತ್ತು.

... ಮತ್ತೇನು, ಫೋನ್ ಸಮೇತ ಜಿಗಿದೆ. ಹಿಂದ ಅಪ್ಪನೂ ಜಿಗಿದ... ಹಾಂ, ಆ ವಯಸ್ಸಿನ್ಯಾಗ! ನಾನು ಮರೀನ ಎತ್ತಿ ಹಿಡಿದೆ. ಗಂಟು ಬಿಚ್ಚಾಕ ನೋಡಿದ್ವಿ, ಆಗಲಿಲ್ಲ. ಕೊರಳಿಗೆ ಬಿಗಿದಿತ್ತು. ಅಪ್ಪ ಒಂದ್ಸಲ ಬಲೆ ನೋಡಿದ, ಒಂದ್ಸಲ ಮರೀ ಮುಖ ನೋಡಿದ. ಸೊಂಟದ ಚಾಕು ತೆಗೆದ...

... ಹೂನವ್ವಾ. ಬಲೇನ ಕೊಯ್ದುಬಿಟ್ಟ. ನಟ್ಟನಡುವಿಗೇ.

... ನೀ ಹೆಣೆದದ್ದಂತ ಸಿಟ್ಟು ಬಂತಾ ಅವ್ವಾ?

... ಏನಂದಿ? ಇನ್ನೊಮ್ಮೆ ಹೇಳು... ಮರಿನಾ? ಬದುಕೈತವ್ವಾ, ಬದುಕೈತಿ! ಸೀನಿ ನನ್ನ ಮುಖಕ್ಕೆಲ್ಲಾ ನೀರು ಸಿಡಿಸಿ, ಅಪ್ಪನ ಅಂಗಿ ಹತ್ತಿ, ನೀರಾಗ ಕಾಯ್ತಿದ್ದ ತಾಯಿ ಕಡೆ ಜಿಗಿದೋತು!

... ಅಯ್ಯ, ಅದಾ ಅಪ್ಪನಾ! ನೀರುನಾಯಿಗೆ ಮೀನುಗಳ್ಳ ಅಂತ ದಿನಾ ಬೈತಿದ್ನಲ್ಲ, ಅವನಾ! ಈಗ ಬಂಡೆ ಮ್ಯಾಲ ಕುಂತು ಗಿರೀಶಣ್ಣಗ "ನಮ್ಮ ಮರಿ, ನಮ್ಮ ಮರಿ" ಅಂತ ಕಥಿ ಹೇಳಾಕ ಹತ್ಯಾನ.

... ಇನ್ನೊಂದು ಹೆಣೀತಿಯಾ? ಖರೇನಾ?... ನಾನೂ ಕುಂದ್ರತೀನಿ ನಿನ್ನ ಜೋಡಿ. ಆಣೆ ಮಾಡ್ತೀನಿ!

... ಯಾವ ಸದ್ದು? ಓ, ಅದಾ! ತಡಿ, ಫೋನು ಆ ಕಡೆ ಹಿಡೀತೀನಿ... ಕೇಳಿದ್ಯಾ ಸಿಳ್ಳೆ?... ಅಪ್ಪ ಅಲ್ಲವ್ವಾ, ತಾಯಿ ನೀರುನಾಯಿ! ಮರೀನ ಕರಕೊಂಡು ಹೊಳಿಯ ಆಚೆ ದಂಡಿಗೆ ಹೊಂಟೈತಿ...

... ಹಾಂ, ಈಗಿಂದು ಅಪ್ಪ! ಉತ್ರ ಕೊಡಾಕ ಹತ್ಯಾನ!... ಈಗ ಅದು... ಈಗ ಅಪ್ಪ... ಅಯ್ಯೋ, ಇದ್ಯಾರದು ಅಂತ ನನಗೂ ತಿಳೀವಲ್ದವ್ವಾ, ಇಬ್ರ ಸಿಳ್ಳೆನೂ ಒಂದಾ ಥರ...