ಬಾಟ್ಲಿ ಮೇಲಿನ ನಂಬರ್

ಚಿಂತಾಮಣಿಯ ಲ್ಯಾಬಿನಲ್ಲಿ ರಿಪೋರ್ಟಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ವಯಸ್ಸಾದ ಗಂಡ ಹೆಂಡತಿ.

"ನನ್ನ ಗಂಟಿಂದ ತೆಗೆದ ತುಣುಕನ್ನೂ ನೀವು ಘಾನಾ ಆಸ್ಪತ್ರೇಲಿ ಕುಯ್ತಿದ್ದಂಗೇ ಕುಯ್ದಿರ್ತಾರೇನ್ರೀ?"

"ಹೂಂ ಕಣೇ. ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ. ಯಾವ ಊರೋರಿಗೆ ಯಾವ ಕ್ಯಾನ್ಸರ್ ಜಾಸ್ತಿ ಅಂತ ಅಲ್ಲಿನ ಡಾಕ್ಟ್ರು ಪಟ್ಟಿ ಮಾಡೋರು."

"ಅಲ್ಲಿ ರಾಗಿ ಸಿಗ್ದೆ ಮುಸುಕಿನ ಜೋಳದ ಹಿಟ್ಟಲ್ಲೇ ಮುದ್ದೆ ತಿರುವಿ ತರ್ತಿದ್ದೆ, ಅಲ್ವಾ?"

"ಆ ಮುದ್ದೆಗೆ ಡಾಕ್ಟ್ರೂ ಕಾಯೋರು."

"ತುಣುಕು ಯಾರ್ದು ಅಂತ ನೀವು ಕೇಳ್ತಿದ್ರಾ?"

"ಇಲ್ಲ. ಬಾಟ್ಲಿ ಮೇಲೆ ನಂಬರ್ ಮಾತ್ರ. ಹೆಸರು ಗೊತ್ತಾದ್ರೆ ಕುಯ್ಯೋ ಕೈ ನಡುಗುತ್ತೆ ಅನ್ನೋರು ಡಾಕ್ಟ್ರು."

ಕಿಟಕಿಯಿಂದ ಕೂಗಿದರು: "ನಂಬರ್ ನಲವತ್ತೊಂದು!"

"ನಮ್ದೇ, ಏಳ್ರೀ. ಅಯ್ಯೋ, ನಿಮ್ಮ ಕೈ ಯಾಕೆ ಹಿಂಗೆ ನಡುಗ್ತಿದೆ?"

"ಈ ನಂಬರ್ ಯಾರ್ದು ಅಂತ ಗೊತ್ತಲ್ಲೇ."

ಆಕೆ ಆ ಕೈಯನ್ನು ಹಿಡಿದುಕೊಂಡೇ ಕಿಟಕಿಯ ಕಡೆ ನಡೆದರು.