ಅರ್ಧ ಎಲಿ, ಪೂರಾ ಕಂಪನಿ

...ಹೂಂ, ಮಸ್ಕತ್ತಿನ್ಯಾಗ ಹನ್ನೆರಡು ಅಂತಸ್ತಿನ ಆಫೀಸ್ ಅದರಿ ಬೀಗರ! ಮ್ಯಾಲ ಹೊಳೆಯೋ ಬೋರ್ಡು, 'ಅಲ್-ಪಾಂಡಪ್ಪ ತೊಗರಿಬ್ಯಾಳಿ ಕಂಪನಿ'! ಲಿಫ್ಟಿನ್ಯಾಗ ಏರೂವಾಗ ಕಿವಿ ಗಪ್ ಅಂತಾವ... ಯಾಕ್ರಿ, ಹಂಗ್ಯಾಕ ನೋಡಕತ್ತೀರಿ? ಆತು, ಆತು, ಸುಳ್ಳು! ಪಾಸ್‌ಪೋರ್ಟಿಗಂತ ಒಂದು ಫೋಟೋ ತೆಗಿಸೀನಿ, ಅಷ್ಟೇ. ಅದರಾಗೂ ಕಣ್ಣು ಮುಚ್ಚೀನಿ.

ಆದ್ರ ಕಂಪನಿ ಖರೇನೇ ತೆಗೀತೀನ್ರಿ ಶಂಕ್ರೆಪ್ಪನವರ. ಬಸವಣ್ಣನ ಆಣಿ! ತಾಂಡೂರಿನ ಬ್ಯಾಳಿ, ಮಸ್ಕತ್ತಿನ ಕುಕ್ಕರು... ತಡೀರಿ, ಚಹಾ ಆತಲ್ಲ, ವೀಳ್ಯದೆಲಿ ಹಾಕ್ಕೊಳ್ರಿ. ಒಂದೇ ಎಲಿ ಅದ, ಹರೀತೀನಿ. ಅರ್ಧ ನಿಮಗ, ಅರ್ಧ ನನಗ. ಬೀಗರು ಕೊಟ್ಟ ಎಲಿ ಬ್ಯಾಡ ಅಂತಾರೇನ್ರಿ? ...ಹಾಂ, ಶಾಬಾಸ್! ಏ ಕಿಷ್ಟಪ್ಪ, ಚಹಾದ ಒಲಿ ಬಿಟ್ಟು ಈ ಕಡಿ ನೋಡೋ, ಬೀಗರು ಎಲಿ ಬಾಯಾಗ ಹಾಕ್ಕೊಂಡ್ರು. ನೀನೇ ಸಾಕ್ಷಿ!

ಏನಿಲ್ಲರಿ, ಸುಮ್ಮ ಅಂದೆ.

ವಕೀಲ ಸಾಯಿಕುಮಾರ ಮೂರು ದಾರಿ ಹೇಳ್ಯಾನ. ಒಬ್ಬನೇ ಕಂಪನಿ ತೆಗದ್ರ, ಸಾಲ ಪೂರಾ ನನ್ನ ತಲಿಮ್ಯಾಲ. ಅಯ್ಯೋ, ನನ್ನ ತಲಿ ಟೋಪಿ ಹೊರೂದೇ ಕಷ್ಟ! ಇನ್ನೊಂದು ಲಿಮಿಟೆಡ್ ಕಂಪನಿ. ಕಂಪನಿನೇ ಒಂದು ಬ್ಯಾರೇ ಮನುಷ್ಯ ಅಂತರಿ! ತಾನೇ ಸಾಲ ಮಾಡ್ತದ, ತಾನೇ ಕೋರ್ಟಿಗೆ ಹೋಗ್ತದ, ಮುಳುಗಿದ್ರ ತಾನೊಂದೇ ಮುಳುಗ್ತದ, ನಮ್ಮ ಮನಿ ಬಾಗಿಲಿಗೆ ಯಾರೂ ಬರಂಗಿಲ್ಲ. ಛೇ! ಚಹಾ ಸೈತ ಕುಡೀದ ಇಂಥಾ ಮನುಷ್ಯನ್ನ ಹ್ಯಾಂಗ ನಂಬೂದು? ...ತಲಿ ಯಾಕ ಅಲ್ಲಾಡಸ್ತೀರಿ? ಅದೇ ಛಲೋ ಅಂತೀರಾ? ಬಂಡವಾಳ ತೋರಸ್ರಿ ಅಂತಾರ. ನಾ ತೋರಸ್ಲಿಕ್ಕ ಈ ಮೀಸಿ ಬಿಟ್ರ ಏನದ?

ಅದಕ್ಕೇ ಮೂರನೇದು, ಪಾಲುದಾರಿಕಿ! ಲಾಭ ಬಂದ್ರ ಇಬ್ಬರಿಗೂ. ಮುಳುಗಿದ್ರ... ಮುಳುಗಂಗಿಲ್ಲ ಬಿಡ್ರಿ. ಬ್ಯಾಳಿ ಮದ್ಲು ಮುಳುಗ್ತದ, ಕುದ್ದ ಮ್ಯಾಲ ತಾನೇ ಏಳ್ತದ.

ವಿಚಾರ ಮಾಡ್ತೀರಾ? ಇನ್ನೇನು ವಿಚಾರ! ಆಗೇ ಹೋತು! ಒಂದು ಎಲಿ ಹರಿದು ಇಬ್ರು ತಿಂದ್ರ ನಮ್ಮ ಕಡಿ ಎಮ್ಮಿ ಪಾಲೂ ಪಕ್ಕಾ, ಹೊಲದ ಪಾಲೂ ಪಕ್ಕಾ. ಈಗ ಹಿಂದ ಸರದ್ರ ನಿಮ್ಮೂರು ಸಿರ್ಗಾಪುರದ ಮಂದಿ ಏನಂದಾರು?

...ಬಾಯ್ತುಂಬ ಎಲಿ ಇಟ್ಕೊಂಡು ಏನಂತೀರಿ, ಸಾಲಕ್ಕ ಮನಿ ಹೋಗ್ತದಾ? ...ನಾನೂ ಮುಳುಗ್ತೀನ್ರಿ! ನಂದೂ ಮನಿ ಅದ! ...ಹಂಗ ನೋಡಬ್ಯಾಡ್ರಿ, ಬೆವರು ಬರ್ತದ. ಅದ, ಆದ್ರ... ಶಕುಂತಲಾನ ಹೆಸರಿಲೆ ಅದ. ಹೊಲಾನೂ. ಎಮ್ಮೀನೂ. ಹೆಂಡತಿ ಭಾಳ ಶಾಣ್ಯಾಕಿ ಬೀಗರ, ನನ್ನ ಹೆಸರಿಲೆ ಒಂದು ಸೈಕಲ್ ಬಿಟ್ಟಾಳ. ಅದೂ ಪಂಕ್ಚರ್. ಹೋದ್ರ... ನಿಮ್ಮ ಸಿರ್ಗಾಪುರದ ಮನಿ ಒಂದೇ ಹೋಗ್ತದ. ಹೌದ್ರಿ, ನನ್ನ ಮಗಳು ಬಸವೇಶ್ವರಿ ಸೊಸಿ ಆಗಿ ಹೋದ ಮನೀನೇ... ಅದು ನನಗ ಹೊಳೀಲೇ ಇಲ್ಲ ನೋಡ್ರಿ!

ಅಗೀರಿ, ಅಗೀರಿ... ಬಾಯಿ ಯಾಕ ತೆಗೀತೀರಿ? ಅಯ್ಯಯ್ಯೋ! ಎಲಿ ಹಂಗೇ ಅದ! ಇಷ್ಟೊತ್ತನಾ ದವಡ್ಯಾಗ ಇಟ್ಕೊಂಡು ಕುಂತಿದ್ರಾ? ಎಲಿ ತೆಗದು ಚಹಾದ ಬಶ್ಯಾಗ ಇಡಬ್ಯಾಡ್ರಿ, ಕಿಷ್ಟಪ್ಪ ನೋಡಕತ್ತಾನ! ...ಶಕುಂತಲಾ ಫೋನ್ ಮಾಡಿದ್ಳೇನು? ಮಾಡ್ಯಾಳ! 'ಎಲಿ ಕೊಟ್ರ ಅಗೀಬ್ಯಾಡ್ರಿ' ಅಂದಾಳ!

ಎಲ್ಲಿ ಹೊಂಟ್ರಿ? ಆತು, ಕಂಪನಿ ಬ್ಯಾಡ, ಬೀಗತನ ಇರಲಿ. ಬೀಗರ... ಈ ಎರಡು ಚಹಾದ ರೊಕ್ಕರ ಕೊಟ್ಟು ಹೋಗ್ರಿ. ಕಿಷ್ಟಪ್ಪ ಎಲ್ಲಾ ಕೇಳ್ಯಾನ, ಇನ್ನ ಉದ್ರಿ ಕೊಡಂಗಿಲ್ಲ. ನನ್ನ ಹೆಸರಿಲೆ ಏನೂ ಇಲ್ಲಂತ ಅವಗೂ ಗೊತ್ತಾತು!