ಗೋಡೆ ಸರಿಯದ ಟ್ರೇಲರ್

...ಅದಕ್ಕೇ ಹೇಳ್ತಿರೋದು ಬರ್ಡಿ, ಆ ಗೋಡೆ ಸರಿಯೋ ಟ್ರೇಲರ್ ಮನೆ ನಮಗೆ ಬೇಡ. ಅಂಗಡಿಯ ಟಕರ್ ಗುಂಡಿ ಒತ್ತಿದ, ಗೋಡೆ ಸೋಫಾ ಸಮೇತ ಹೊರಕ್ಕೆ ಹೋಯ್ತು, ನೀನು ಮರುಳಾಗಿಬಿಟ್ಟೆ. ಒಳಗೆ ಜಾಗ ಆಯ್ತು, ನಿನ್ನ ಹೊಲಿಗೆ ಮೇಜು ಇಡಬಹುದು, ಎಲ್ಲಾ ಸರಿ. ನಾನೇನು ಇಲ್ಲ ಅಂದೆನಾ? ಆದರೆ ಅವನು ಮಾರೋನು ಕಣೇ. ಮಾರಿ ಊಟಕ್ಕೆ ಹೋಗ್ತಾನೆ. ಅರಿಝೋನಾದ ಮರಳುಗಾಡಲ್ಲಿ ಮೋಟಾರು ಕೆಟ್ಟು, ಗೋಡೆ ಅರ್ಧಕ್ಕೇ ನಿಂತುಕೊಂಡರೆ, ಇಬ್ಬರು ಮುದುಕಿಯರು ಏನು ಮಾಡೋದು? ಭುಜ ಕೊಟ್ಟು ತಳ್ಳೋದಾ?

ಯಾಕೆ ನಗ್ತೀಯ? ನಮ್ಮ ಚರ್ಚಿನ ಆರ್ಲಾಗೆ ಆಗಲಿಲ್ವಾ? ಸಂದಿಯಿಂದ ಮಳೆನೀರು ಇಳಿದು ಹಾಸಿಗೆಯೆಲ್ಲ ಮುಗ್ಗಲು. ಇಲಿ ಬೇರೆ ಸೇರಿಕೊಂಡಿತ್ತಂತೆ.

ಇಕ್ಕಟ್ಟಾ? ಈ ಗೋಡೆ ಸರಿಯದ ಟ್ರೇಲರ್ ಇಕ್ಕಟ್ಟು ಅಂತ ನೀನು ಹೇಳ್ತೀಯಲ್ಲ, ಅಪ್ಪನ ಮನೇಲಿ ಇಬ್ಬರೂ ಒಂದೇ ಮಂಚದ ಮೇಲೆ ಬೆಳೆದೋರು. ಒದೀತಿದ್ದೋಳು ನೀನು, ಗೋಡೆಗೆ ಅಂಟಿಕೊಂಡು ಮಲಗ್ತಿದ್ದೋಳು ನಾನು. ದೊಡ್ಡೋಳು ನಾನು, ಆದರೂ.

ಆ ಟ್ರೇಲರಲ್ಲಿ ನಾನು ಮುಗ್ಗರಿಸಿದ್ದಾ? ಅದು... ಅಲ್ಲೊಂದು ಮೆಟ್ಟಿಲಿತ್ತಲ್ಲ. ಇರಲಿಲ್ವಾ? ನೆಲ ಸಮ ಇತ್ತಾ? ಹಾಗಾದರೆ ಮೊಣಕಾಲು. ಗೋಡೆ ಅಲ್ಲೇ ಇದೆ ಅಂತ ಕೈ ಇಟ್ಟೆ, ಟಕರ್ ಅದನ್ನ ಆಗಲೇ ಹೊರಗೆ ಕಳಿಸಿಬಿಟ್ಟಿದ್ದ. ಯಾರಿಗಾದರೂ ಆಗುತ್ತೆ.

ಈಗ ಇದನ್ನ ನೋಡು. ಅವನು ಬೀಗದ ಕೈ ಕೊಟ್ಟು ಹೋಗಿದ್ದು ಒಳ್ಳೇದಾಯ್ತು, ನಿಧಾನಕ್ಕೆ ನೋಡೋಣ. ಬಾಗಿಲಿಂದ ಎಡಕ್ಕೆ ಒಲೆ. ಒಲೆ ಪಕ್ಕ ಸಿಂಕ್. ಇಲ್ಲಿಂದ ಹೀಗೇ ಬಂದರೆ ಅಲಮಾರು, ಅದರ ಪಕ್ಕ ಬಚ್ಚಲಿನ ಬಾಗಿಲು. ಗಾಡಿ ಓಡ್ತಿರಲಿ, ನಿಂತಿರಲಿ, ಎಲ್ಲ ಇದ್ದಲ್ಲೇ ಇರುತ್ತೆ. ಬೆಳಗ್ಗೆ ಎದ್ದರೆ ಕಾಫಿ ಪಾತ್ರೆ ಎಲ್ಲಿ ಅಂತ ಹುಡುಕೋ ಹಾಗಿಲ್ಲ.

ತಡವ್ತಿದ್ದೀನಾ? ಮರ ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡ್ತಿದ್ದೀನಿ. ಕೊಳ್ಳೋರು ಮುಟ್ಟಿ ನೋಡಬಾರದಾ?

ನೀನು ಸುಮ್ಮನೆ ಆ ಬೆಂಚಿನ ಮೇಲೆ ಕೂತ್ಕೋ. ವರ್ಷಾನುಗಟ್ಟಲೆ ಸ್ಕೂಲ್ ಬಸ್ ಓಡಿಸಿ ನಿನಗೆ ಎಲ್ಲರ ಮೇಲೂ ಕಣ್ಣಿಡೋ ಚಾಳಿ ಹತ್ತಿದೆ. ಏನು? ಹ್ಞೂಂ, ಕೊಟ್ಟ ಮಾತು ಮಾತೇ. ನೀನು ಗಾಡಿ ಹಿಂದಕ್ಕೆ ತೆಗೆಯೋವಾಗ ಹಿಂದೆ ನಿಂತು ಕೈಸನ್ನೆ ಮಾಡೋಳು ನಾನೇ. ಓಡಿಸೋದೂ ಸರದಿ ಮೇಲೇ. ಈ ಮೊಣಕಾಲು ಸ್ವಲ್ಪ ವಾಸಿಯಾಗಲಿ... ವಸಂತದಿಂದ ಸ್ಟೀರಿಂಗ್ ಮುಟ್ಟಿಲ್ಲ, ನಿಜ. ಕಣ್ಣಿನ ಡಾಕ್ಟರ್ ಹತ್ರ ಎರಡು ಸಲ ಹೋಗಿದ್ದು ಕನ್ನಡಕ ಸರಿಹೊಂದಲಿಲ್ಲ ಅಂತ. ಅಷ್ಟೇ. ನಿನಗೆ ಯಾರು ಹೇಳಿದ್ದು? ಆರ್ಲಾನಾ? ಅವಳಿಗೆ ಬೇರೆ ಕೆಲಸ ಇಲ್ಲ.

ಬಿಡು ಅದನ್ನ. ನಿನ್ನ ಹೊಲಿಗೆ ಮೇಜಿನ ಬಗ್ಗೆ ನಾನೂ ಯೋಚನೆ ಮಾಡಿದ್ದೀನಿ. ಊಟದ ಮೇಜಿನ ಮೇಲೇ ಮಿಷನ್ ಇಟ್ಕೋ. ಊಟ ತೊಡೆ ಮೇಲೆ ತಟ್ಟೆ ಇಟ್ಕೊಂಡು ಮಾಡಿದರಾಯ್ತು. ಚಳಿಗಾಲಕ್ಕೆ ಅರಿಝೋನಾ ಸೇರಿದರೆ ನಮ್ಮ ಇಂಡಿಯಾನಾದ ಹಿಮ ಎತ್ತಿ ಹಾಕೋದು ತಪ್ಪುತ್ತಲ್ಲ, ಅದಕ್ಕಿಂತ ಇನ್ನೇನು ಬೇಕು?

ಹ್ಞೂಂ ಅಂತೀಯೋ, ಇಲ್ವೋ? ಇಷ್ಟು ಹೊತ್ತು ವಟಗುಟ್ಟುತ್ತಿದ್ದೋಳಿಗೆ ಈಗೇನಾಯ್ತು? ಸಿಟ್ಟು ಬಂತಾ? ನನ್ನನ್ನ ಹಠಮಾರಿ ಐಡೆಲ್ಲಾ ಅಂತಾದರೂ ಬೈಯಿ. ಸ್ವಲ್ಪ ಜರುಗು, ನಾನೂ ಕೂತ್ಕೊಳ್ತೀನಿ. ಜರುಗೇ...

ಬರ್ಡಿ?

ಈ ಬೆಂಚಿನ ಮೇಲೇ ಕೂತಿದ್ದೆಯಲ್ಲ. ಯಾವಾಗ ಎದ್ದೆ?

ಹೊರಗೆ ಹೋಗಿಲ್ಲ ನೀನು. ಬಾಗಿಲು ಸದ್ದಾಗಲಿಲ್ಲ. ನೀನು ಚೀಪೋ ಪೆಪ್ಪರ್‌ಮಿಂಟ್ ವಾಸನೆ ಬರ್ತಿದೆ... ಹತ್ರದಿಂದಲೇ ಬರ್ತಿದೆ.

ನನ್ನ ಎದುರಿಗೇ ನಿಂತಿದ್ದೀಯ, ಅಲ್ವಾ? ಎಷ್ಟು ಹೊತ್ತಾಯ್ತು?

ಹೇಳಬೇಕು ಅಂತಲೇ ಇದ್ದೆ. ನೋಟ ಅಂಚಿಂದ ಮಸುಕಾಗೋಕೆ ಶುರುವಾಯ್ತು. ಹೊರಗೆ ಬಿಸಿಲಲ್ಲಿ ಇನ್ನೂ ಒಂಚೂರು ಕಾಣುತ್ತೆ, ಎದುರಿಗೆ ಇಟ್ಟಿದ್ದಷ್ಟು. ಬಿಸಿಲಿಂದ ಹೀಗೆ ಒಳಗೆ ಬಂದರೆ... ಏನೂ ಇಲ್ಲ. ಇದು ನಿಲ್ಲೋದಲ್ಲ ಅಂದರು ಡಾಕ್ಟರ್. ನಿನಗೆ ಹೇಳಿದ್ದರೆ ನೀನು ಈ ಪ್ರಯಾಣವನ್ನೇ ಬೇಡ ಅಂತಿದ್ದೆ. ನನ್ನನ್ನ ಯಾವುದೋ ವೃದ್ಧಾಶ್ರಮಕ್ಕೆ ಸೇರಿಸಿ ಭಾನುವಾರ ಭಾನುವಾರ ಹೂವು ತಂದು ಕೊಡ್ತಿದ್ದೆ. ನನಗೆ ಅರಿಝೋನಾದ ಆ ಕೆಂಪು ಬಂಡೆಗಳನ್ನ ಒಂದು ಸಲ ನೋಡಬೇಕು ಕಣೇ, ನೋಡೋಕೆ ಆಗೋವಾಗಲೇ. ಆಮೇಲೆ ಪೂರ್ತಿ ಹೋದರೂ ಪರವಾಗಿಲ್ಲ. ಗೋಡೆ ಅಲ್ಲಾಡದೇ ಇದ್ದರೆ ಸಾಕು, ಮನೆಯೆಲ್ಲ ಕೈಯಲ್ಲೇ ಕಲಿತುಕೊಳ್ತೀನಿ. ನಿನಗೆ ಕಾಫಿ ನಾನೇ ಮಾಡಿ ಕೊಡ್ತೀನಿ. ನಿನಗೆ ಹೊರೆ ಆಗಲ್ಲ...

ಅಳ್ತಿದ್ದೀಯಾ? ಅಳೋದಾದರೆ ಜೋರಾಗಿ ಅಳು. ಬೇಡ ಅನ್ನೋದಾದರೆ ಬೇಡ ಅನ್ನು, ಬಾಯಿ ಬಿಟ್ಟು ಅನ್ನು. ಹೀಗೆ ಸುಮ್ಮನೆ ನಿಲ್ಲಬೇಡ ಬರ್ಡಿ. ನೀನು ಸುಮ್ಮನಾದರೆ ನೀನೆಲ್ಲಿದ್ದೀಯ ಅಂತ ನನಗೆ ಗೊತ್ತಾಗಲ್ಲ.